ಜಾಝ್: ಊರು ನ್ಯೂ ಆರ್ಲಿಯನ್ಸ್, ಹೆಸರು ಕ್ಯಾಲಿಫೋರ್ನಿಯಾದ್ದು

ಜಾಝ್ ಸಂಗೀತ ಹುಟ್ಟಿದ್ದು ನ್ಯೂ ಆರ್ಲಿಯನ್ಸ್‌ನಲ್ಲಿ, ನಿಜ. ಹೆಸರು ಮಾತ್ರ ಅಲ್ಲಿಯದಲ್ಲ. ಅಚ್ಚಿನಲ್ಲಿ ಸಿಗುವ ಹಳೆಯ ಪುರಾವೆಗಳೆಲ್ಲ ನಾವಿರುವ ಈ ಕ್ಯಾಲಿಫೋರ್ನಿಯಾದವು, ಅದೂ ಬೇಸ್‌ಬಾಲ್ ಸುದ್ದಿಯ ಪುಟದವು.

1912ರ ಏಪ್ರಿಲ್ 2ರ ಲಾಸ್ ಏಂಜಲೀಸ್ ಟೈಮ್ಸ್‌ನಲ್ಲಿ ಬೆನ್ ಹೆಂಡರ್ಸನ್ ಎಂಬ ಎಸೆತಗಾರ ತನ್ನ ಓಲಾಡುತ್ತ ಬರುವ ಚೆಂಡನ್ನು 'ಜಾಝ್ ಬಾಲ್' ಎಂದು ಕರೆದಿದ್ದಾನೆ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊ ಸೀಲ್ಸ್ ಎಂಬ ಬೇಸ್‌ಬಾಲ್ ತಂಡದ ತಾಲೀಮು ನಡೆದದ್ದು ಸೊನೋಮಾ ಕಣಿವೆಯ ಬಾಯ್ಸ್ ಸ್ಪ್ರಿಂಗ್ಸ್‌ನಲ್ಲಿ. ಬಿಸಿನೀರಿನ ಬುಗ್ಗೆಗಳ ಊರು. ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ ಸುಮಾರು 70 ಕಿ.ಮೀ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊದ ಬುಲೆಟಿನ್ ಪತ್ರಿಕೆಗೆ ಬರೆಯುತ್ತಿದ್ದ ಸ್ಕೂಪ್ ಗ್ಲೀಸನ್ ಮಾರ್ಚ್ 3ರಂದು ಈ ಪದವನ್ನು 'ಪೊಳ್ಳು ಮಾತು' ಎಂಬ ಅರ್ಥದಲ್ಲಿ ಬಳಸಿದ. 6ನೇ ತಾರೀಕಿಗೆ ಅದೇ ಪದ 'ಹುರುಪು, ಕಸುವು' ಆಗಿತ್ತು! ನಿಂತದ್ದು ಎರಡನೆಯ ಅರ್ಥ. ಏಪ್ರಿಲ್ 5ರಂದು ಅದೇ ಪತ್ರಿಕೆಯಲ್ಲಿ ಅರ್ನೆಸ್ಟ್ ಹಾಪ್ಕಿನ್ಸ್ ಪದವನ್ನು ಕೊಂಡಾಡಿ ಲೇಖನವನ್ನೇ ಬರೆದ. ಸಂಗೀತದ ಮಾತು ಅಲ್ಲೂ ಇಲ್ಲ.

ಬೇರು ಇನ್ನೂ ಹಿಂದಿನದಿರಬೇಕು. 'ಜ್ಯಾಸಮ್' ಎಂಬ ಪದ 1860ರಲ್ಲೇ ಚೈತನ್ಯ ಎಂಬ ಅರ್ಥದಲ್ಲಿ ಅಚ್ಚಾಗಿದೆ. ಅದರ ದಾಯಾದಿ 'ಜಿಸಮ್'ಗೆ ಪೋಲಿ ಅರ್ಥವೂ ಉಂಟು. ಸಭ್ಯರ ಮನೆಗಳಲ್ಲಿ ಜಾಝ್ ಎಂದರೆ ಮುಖ ಸಿಂಡರಿಸುತ್ತಿದ್ದುದಕ್ಕೆ ಅದೂ ಒಂದು ಕಾರಣ. ಹೆಸರಿಗೆ ಬೇರೆ ಮೂಲಗಳನ್ನೂ ಹೇಳುವುದುಂಟು. ಹರಟೆ ಎಂಬರ್ಥದ ಫ್ರೆಂಚ್ ಪದ, ಮಲ್ಲಿಗೆಯ (ಜ್ಯಾಸ್ಮಿನ್) ಅತ್ತರು, ಜಾಸ್ಬೊ ಎಂಬ ವಾದಕ: ಈ ಕಥೆಗಳು ಕೇಳಲು ಚೆಂದ, ದಾಖಲೆ ಕೇಳಿದರೆ ಕೈ ಖಾಲಿ.

ಪದ ಸಂಗೀತಕ್ಕೆ ಅಂಟಿಕೊಂಡದ್ದು ಶಿಕಾಗೋದಲ್ಲಿ. 1915ರ ಜುಲೈ 11ರ ಅಲ್ಲಿನ ಟ್ರಿಬ್ಯೂನ್ ಪತ್ರಿಕೆ, ಕಪ್ಪು ಜನರ ಹಾಡುಗಾರಿಕೆಯಾದ ಬ್ಲೂಸನ್ನೂ ಜಾಝನ್ನೂ ಒಂದೇ ಎಂದಿತು. ನ್ಯೂ ಆರ್ಲಿಯನ್ಸ್‌ನ ಪತ್ರಿಕೆಯಲ್ಲಿ 'ಜ್ಯಾಸ್ ಬ್ಯಾಂಡ್' ಕಾಣಿಸಿದ್ದು 1916ರ ನವೆಂಬರ್‌ನಲ್ಲಿ, ಅಂದರೆ ತವರಿಗೇ ತಡವಾಗಿ. ಆ ಊರಿನ ಹೆಸರಾಂತ ಕಪ್ಪು ವಾದಕ ಸಿಡ್ನಿ ಬೆಷೆಗೆ ಕೊನೆವರೆಗೂ ಈ ಹೆಸರು ಹಿಡಿಸಲಿಲ್ಲ. ಬಿಳಿಯರು ಇಟ್ಟ ಹೆಸರು, ನಮ್ಮ ಸಂಗೀತದ ಹೆಸರು ರ‍್ಯಾಗ್‌ಟೈಮ್ ಎನ್ನುತ್ತಿದ್ದ.

ನೀವೇ ಹುಡುಕಿ ನೋಡಬಹುದು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಹಳೆ ಪತ್ರಿಕೆಗಳ ಜಾಲತಾಣ ಊರಿನಿಂದಲೂ ಉಚಿತ. ಕಾಗುಣಿತ ಮಾತ್ರ ಆಗ ನೆಲೆ ನಿಂತಿರಲಿಲ್ಲ: ಜೆ, ಎ ಆದ ಮೇಲೆ ಕೊನೆಗೆ ಒಂದು ಎಸ್, ಎರಡು ಎಸ್, ಒಂದು ಜೆಡ್, ಎರಡು ಜೆಡ್, ನಾಲ್ಕನ್ನೂ ಬೇರೆ ಬೇರೆಯಾಗಿ ಕೊಡಿ. (ಜೆಡ್ ದನಿ ಇಲ್ಲದ ನಾವು ಮಹಾಪ್ರಾಣ 'ಝ' ಹಾಕಿ ಸುಧಾರಿಸಿಕೊಂಡಿದ್ದೇವಲ್ಲ, ಹಾಗೆ.) ಒಂದೇ ಎಸ್ ಇರುವ ರೂಪ ದೊಡ್ಡ ತಲೆನೋವು: ಜೇಮ್ಸ್ ಎಂಬ ಹೆಸರನ್ನು ಆಗ ಚುಟುಕಾಗಿ ಹಾಗೇ ಬರೆಯುತ್ತಿದ್ದರು, ಸಾವಿರಾರು ಜೇಮ್ಸ್‌ಗಳು ಬಂದು ಸಾಲು ನಿಲ್ಲುತ್ತಾರೆ. ಜೊತೆಗೆ 'ಬ್ಯಾಂಡ್' ಸೇರಿಸಿ, 1912ರಿಂದ 1918ಕ್ಕೆ ಮಿತಿ ಹಾಕಿ. ಸಿಕ್ಕಿದ್ದರ ಪುಟದ ಚಿತ್ರವನ್ನೇ ತೆರೆದು ಓದಿ. ಮಸುಕು ಅಚ್ಚನ್ನು ಯಂತ್ರ ತಪ್ಪಾಗಿ ಓದಿರುತ್ತದೆ.