ಮೂರು ಗೊಂಬಿಯೊಳಗ ನಮ್ದೂ ಒಂದದ

ಮೊನ್ನಿ ಟ್ಯಾಂಕರ್ ಹಾದಿ ಕಾಯ್ಕೋತ ಕಟ್ಟಿ ಮ್ಯಾಲೆ ಕುಂತಿದ್ವಿ, ಬಾಜೂ ಮನಿ ಕಾಕಾ "ಈ ಕಲಬುರಗಿ ಬ್ಯಾಸಗಿ ಅಂದ್ರ ಮರುಭೂಮಿನೇ ನೋಡಪಾ" ಅಂದ್ರು. ನಾ ಬಿಡ್ತೀನೇನು, ಖರೆ ಮರುಭೂಮಿ ಕಥಿ ಹೇಳ್ತೀನಿ ಕೇಳ್ರಿ ಅಂತ ಶುರು ಮಾಡ್ದೆ.

ಮೊದಲನೇ ಮಹಾಯುದ್ಧದಾಗ ಬ್ರಿಟಿಷರು 1916ರಾಗ ಈಜಿಪ್ಟ್‌ನಾಗ ಒಂದು ದಂಡು ಕಟ್ಟಿದ್ರು, ಟರ್ಕಿಯವರನ್ನ ಸೂಯೆಜ್ ಕಾಲುವಿಯಿಂದ ದೂರ ತಳ್ಳಿ ಪ್ಯಾಲೆಸ್ಟೈನ್ ತನಕ ಹೋಗೋದಿತ್ತು. ನಡುವೆ ಸಿನಾಯ್ ಮರಳು. ಬಂದೂಕಕ್ಕಿಂತ ದೊಡ್ಡ ಚಿಂತಿ ನೀರಿಂದು. ರೈಲು ಹಳಿ ಹಾಕ್ಕೋತ ಅದರ ಸಂಗಾಟ ಪೈಪೂ ಹಾಕ್ಕೋತ ಹೋದ್ರು, ನೈಲ್ ನದಿ ನೀರು ಸೋಸಿ ಪಂಪ್ ಮಾಡಿ ಮರುಭೂಮಿ ದಾಟಿಸಿದ್ರು, ಹಳಿ ಹಾಕಿದ್ದು ಸಾವಿರಾರು ಈಜಿಪ್ಟ್ ಕೂಲಿ ಮಂದಿ, ಅವರ ಹೆಸರು ಯಾರು ತಗೋತಾರ. ಪೈಪ್ ಮುಟ್ಟಲಾರದ ಕಡಿ ಒಂಟಿ ಮ್ಯಾಲೆ ಡಬ್ಬಿ ಹೇರೋದು. ಮರಳಾಗ ಕಾಲು ಹುಗೀತಾವಂತ ತಂತಿ ಜಾಳಿಗಿ ಹಾಸಿ ಸಿಪಾಯಿಗಳನ್ನ ನಡಸ್ಯಾರ! ನೈಲ್ ನೀರು ಪ್ಯಾಲೆಸ್ಟೈನ್‌ಗೆ ಬಂದಾಗ ಒಬ್ಬ ನಬಿ, ಅಂದ್ರ ಪ್ರವಾದಿ, ಬರ್ತಾನ ಅಂತ ಅಲ್ಲಿ ಒಂದು ಮಾತಿತ್ತಂತ, ಕಡೀಕ ಬಂದ ಜನರಲ್ ಹೆಸರು ಅಲೆನ್ಬಿ, ಜನ "ಅಲ್-ನಬಿ" ಅಂದ್ರಂತ. ಕಾಕಾ ಇಲ್ಲಿ ಜೋರ್ ನಕ್ರು.

1917ರ ಅಕ್ಟೋಬರ್ 31ಕ್ಕ ಪ್ಯಾಲೆಸ್ಟೈನ್‌ನ ಬೀರ್‌ಶೆಬಾ ಊರ ಮ್ಯಾಲೆ ಆಸ್ಟ್ರೇಲಿಯಾದ ಕುದುರಿಯವರು ಸಂಜಿಮುಂದ ನುಗ್ಗಿದ್ದೂ ಅಲ್ಲಿನ ಬಾವಿಗಳ ಸಲುವಾಗೇ, ಕುದುರಿಗೆ ನೀರು ಬೇಕಿತ್ತು, ಅಷ್ಟೇ.

"ಹೈಫಾ ಗೆದ್ದಿದ್ದು ಮೈಸೂರಿನವ್ರು ಅಲ್ಲೇನೋ?" ಅಂದ್ರು ಕಾಕಾ. ಹೌದ್ರಿ, ಹೈಫಾ ಅಂದ್ರ ಪ್ಯಾಲೆಸ್ಟೈನ್‌ನ ಬಂದರು ಊರು, 1918ರ ಸೆಪ್ಟೆಂಬರ್ 23ಕ್ಕ ಅಲ್ಲಿ ಮೈಸೂರು ಮತ್ತ ಜೋಧಪುರದ ಲ್ಯಾನ್ಸರ್ಸ್ ಬರ್ಚಿ ಹಿಡ್ಕೊಂಡು ಮಷಿನ್ ಗನ್ ಮುಂದ ಕುದುರಿ ಓಡಿಸಿದ್ರು, ಜೋಧಪುರದ ಮೇಜರ್ ದಳಪತ್ ಸಿಂಗ್ ಅಲ್ಲೇ ಸತ್ರು. ಖರೆ ಅದೇ ಬ್ರಿಗೇಡ್‌ದಾಗ ಮೂರನೇದು ಹೈದ್ರಾಬಾದ್ ಲ್ಯಾನ್ಸರ್ಸ್, ಅವಾಗ ಗುಲ್ಬರ್ಗಾ ನಿಜಾಮನ ರಾಜ್ಯದಾಗಿತ್ತಲ್ಲ, ಅಂದ್ರ ನಮ್ ಕಡಿಯ ದಂಡು. ಹೈಫಾ ದಾಳಿಯೊಳಗ ಅವರಿರ್ಲಿಲ್ಲ, ಅದಕ್ಕ ಯಾರೂ ನೆನಸಂಗಿಲ್ಲ. ಈ ಬ್ರಿಗೇಡ್ ನೆನಪಿಗೆ ದಿಲ್ಲಿಯೊಳಗ ನಿಲ್ಲಿಸಿದ ತೀನ್ ಮೂರ್ತಿಯ ಮೂರು ಸಿಪಾಯಿ ಗೊಂಬಿಗಳಾಗ ಒಬ್ಬಾವ ಹೈದ್ರಾಬಾದಿನಾವ ಅಂತ ಹೇಳಿದ್ರ ಕಾಕಾ ನಂಬವಲ್ರು.

ನಾನೂ ಹೋದ ವರ್ಷ ಅಲ್ಲಿ ನಿಂತು ಯಾರು ನಮ್ಮಾವ ಅಂತ ಸುತ್ತು ಹೊಡ್ಕೋತ ನೋಡ್ದೆ, ಗುರ್ತ ಹತ್ಲಿಲ್ಲ, ಅಷ್ಟರಾಗ ಟ್ರಾಫಿಕ್ ಪೊಲೀಸ್ ಸೀಟಿ ಊದಿ ಆ ಕಡಿ ಹೋಗು ಅಂದ.