ಸ್ಮಾರಕ ಬೇಡ ಅಂದವರ ಊರಿನಲ್ಲಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಿಂದ ಐ-43 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಬಲಗಡೆ ಮಿಷಿಗನ್ ಸರೋವರ ಆಗಾಗ ಇಣುಕುತ್ತದೆ. ಮ್ಯಾನಿಟೊವಾಕ್ ಸುಮಾರು 80 ಮೈಲಿ. ಅಲ್ಲಿ ಹೆದ್ದಾರಿ ಬಿಟ್ಟು 151ನೇ ರಸ್ತೆಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ವ್ಯಾಲ್ಡರ್ಸ್ ಕಾಲು ಗಂಟೆಯ ದಾರಿ. ಸರೋವರ ಹಿಂದೆ ಉಳಿಯುತ್ತದೆ. ಎರಡೂ ಕಡೆ ಮುಸುಕಿನ ಜೋಳದ ಹೊಲ, ಕೆಂಪು ಕೊಟ್ಟಿಗೆ, ಎತ್ತರದ ಸೈಲೊ. ವಿಸ್ಕಾನ್ಸಿನ್ ಅಂದರೆ ಹಾಲು ಮತ್ತು ಚೀಸ್ ಅನ್ನೋದು ಈ ರಸ್ತೆಯಲ್ಲಿ ಕಣ್ಣಿಗೇ ಕಾಣುತ್ತದೆ.

ಕಾರು ಓಡಿಸುತ್ತಿದ್ದವನು ಅಕ್ಕನ ಮಗ. ವ್ಯಾಲ್ಡರ್ಸ್ ಎಂಬ ಹೆಸರನ್ನು ಅವನು ಕೇಳಿಯೇ ಇರಲಿಲ್ಲ. ಆದರೆ ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ ಹುಟ್ಟಿದ್ದು ಅದರ ಹತ್ತಿರ ಅಂದ ಕೂಡಲೇ ಹುರುಪಾದ. “ಮಾಮ, ವೆಬ್ಲೆನ್ ಗೂಡ್ಸ್ ಅಂತ ಎಂಬಿಎಯಲ್ಲಿ ಓದಿದ್ದೆ. ಬೆಲೆ ಏರಿದಷ್ಟೂ ಜನ ಜಾಸ್ತಿ ಕೊಳ್ಳೋ ವಸ್ತುಗಳು. ಅವರು ಇಲ್ಲಿಯವರಾ?” ಹೌದು, ಇಲ್ಲಿಯವರೇ. ಪಕ್ಕದ ಕ್ಯಾಟೊ ಎಂಬ ಹಳ್ಳಿ ಸೀಮೆಯಲ್ಲಿ, 1857ರ ಜುಲೈ 30ರಂದು, ಒಂದು ರೈತನ ಮನೆಯಲ್ಲಿ ಹುಟ್ಟಿದವರು. ತಂದೆ ಥಾಮಸ್, ತಾಯಿ ಕಾರಿ. ಹನ್ನೆರಡು ಮಕ್ಕಳಲ್ಲಿ ಇವರು ಆರನೆಯವರು. ತಂದೆ ತಾಯಿ 1847ರಲ್ಲಿ ನಾರ್ವೆಯ ವಾಲ್ಡ್ರೆಸ್ ಕಣಿವೆಯಿಂದ ಹಡಗು ಹತ್ತಿ ಬಂದಿದ್ದರು. ಆ ಕಣಿವೆಯ ಹೆಸರೇ ಈ ಊರಿಗೂ ಬಂದಿದೆ. ಮನೆಯಲ್ಲಿ ನಾರ್ವೇಜಿಯನ್ ಮಾತು. ಇಂಗ್ಲಿಷು ನೆರೆಯವರಿಂದ, ಶಾಲೆಯಿಂದ ಕಲಿತದ್ದು.

ವ್ಯಾಲ್ಡರ್ಸ್‌ನಲ್ಲಿ ಈಗ ಇರುವುದು ಸಾವಿರದ ಆಸುಪಾಸು ಜನ. ಸುತ್ತ ಸುಣ್ಣಕಲ್ಲಿನ ಗಣಿಗಳಿವೆ. ನಾವು ಹುಡುಕಿಕೊಂಡು ಬಂದಿದ್ದ, ವೆಬ್ಲೆನ್ ನೆನಪಿನ ಫಲಕ ನೋಡಲು ಟಿಕೆಟ್ ಇಲ್ಲ, ಗೇಟು ಇಲ್ಲ. ಕಾರು ನಿಲ್ಲಿಸಿ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದರೆ ಆಯಿತು. ಈ ರಾಜ್ಯದ ಇತಿಹಾಸ ಫಲಕಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ: ಕಂದು ಬಣ್ಣದ ಲೋಹದ ಹಲಗೆ, ಕೆನೆ ಬಣ್ಣದ ಉಬ್ಬಕ್ಷರ. ಅಕ್ಷರಗಳ ಮೇಲೆ ಬೆರಳಾಡಿಸಿದೆ. ಬಿಸಿಲಿಗೆ ಲೋಹ ಬೆಚ್ಚಗಿತ್ತು. ದೊಡ್ಡ ಮನುಷ್ಯರ ಹೆಸರಿನ ಮುಂದೆ ನಿಂತಾಗ ನನಗೆ ಎದೆ ತುಂಬಿ ಬರುವುದುಂಟು. ಇಲ್ಲೂ ಹಾಗೇ ಆಯಿತು. ಅಕ್ಕನ ಮಗ ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದ. ನಾನು ಸುಮ್ನೆ ಕೇಳಿಸಿಕೊಂಡೆ.

ಆಮೇಲೆ ಅವನಿಗೆ ಒಂದು ವಿಷಯ ಹೇಳಿದೆ. ವೆಬ್ಲೆನ್ ತೀರಿಕೊಂಡದ್ದು 1929ರ ಆಗಸ್ಟ್ 3ರಂದು, ಕ್ಯಾಲಿಫೋರ್ನಿಯಾದಲ್ಲಿ. ಷೇರುಪೇಟೆ ಕುಸಿಯಲು ಇನ್ನು ಮೂರು ತಿಂಗಳೂ ಇರಲಿಲ್ಲ. ತಮ್ಮ ಬೂದಿಯನ್ನು ಸಮುದ್ರಕ್ಕೋ, ಸಮುದ್ರ ಸೇರುವ ಹೊಳೆಗೋ ಚೆಲ್ಲಿ ಎಂದು ಅವರು ಬರೆದಿಟ್ಟಿದ್ದರು. ಗೋರಿಕಲ್ಲು ಬೇಡ, ಫಲಕ ಬೇಡ, ಎಲ್ಲೂ ಯಾವ ಕಾಲಕ್ಕೂ ತಮ್ಮ ಹೆಸರಿನಲ್ಲಿ ಸ್ಮಾರಕ ಬೇಡ ಎಂದೂ ಬರೆದಿದ್ದರು. “ಹಾಗಾದ್ರೆ ಇದನ್ನ ಯಾಕೆ ನಿಲ್ಲಿಸಿದ್ರು ಮಾಮ?” ಎಂದ. ನ್ಯಾಯವಾದ ಪ್ರಶ್ನೆ. ನಿಲ್ಲಿಸಿದ್ದು ಒಳ್ಳೆಯದಾಯಿತು ಅನ್ನೋದು ನನ್ನ ಅಭಿಪ್ರಾಯ. ಸತ್ತವರ ಮಾತು ದೊಡ್ಡದು, ನಿಜ. ಆದರೆ ಈ ದಾರಿಯಲ್ಲಿ ಹೋಗುವ ರೈತನ ಮಗಳೊಬ್ಬಳಿಗೆ, ಇಂಥ ಹೊಲದಿಂದಲೇ ಅಂಥವರು ಎದ್ದು ಬಂದರು ಎಂದು ತಿಳಿಯುವುದೂ ಸಣ್ಣ ಮಾತಲ್ಲ ಅಲ್ವಾ? ಅದೂ ಅಮೃತಶಿಲೆಯ ಮಂಟಪ ಕಟ್ಟಿಲ್ಲ. ದುಡ್ಡಿನ ಆಡಂಬರವನ್ನು ಬಯಲಿಗೆಳೆದವರಿಗೆ ಇಷ್ಟು ಸರಳವಾದ ಫಲಕವೇ ಸರಿ.

ಅಲ್ಲಿಂದ ಕ್ಯಾಟೊ ಕಡೆಯ ಸಣ್ಣ ರಸ್ತೆಗಳಲ್ಲಿ ನಿಧಾನವಾಗಿ ಸುತ್ತಿದೆವು. ಒಂದು ಬೇಲಿಯ ಪಕ್ಕ ಕಪ್ಪು ಬಿಳಿ ಹೋಲ್‌ಸ್ಟೀನ್ ಹಸುಗಳು ಮೇಯುತ್ತಿದ್ದವು. ಒಂದು ತಲೆ ಎತ್ತಿ, ಬಾಯಲ್ಲಿದ್ದ ಹುಲ್ಲು ಅಗಿಯುತ್ತಲೇ ನಮ್ಮನ್ನು ನೋಡಿತು. ಕಿವಿಯಲ್ಲಿ ಹಳದಿ ಬಿಲ್ಲೆ. ನನಗೆ ತಟ್ಟನೆ 1899ರಲ್ಲಿ ಬಂದ ‘ದಿ ಥಿಯರಿ ಆಫ್ ದಿ ಲೀಷರ್ ಕ್ಲಾಸ್’ ನೆನಪಾಯಿತು. ವೆಬ್ಲೆನ್ ಅದರಲ್ಲಿ ಸಿರಿವಂತರ ಹುಲ್ಲುಹಾಸಿನ ಬಗ್ಗೆ ಬರೆಯುತ್ತಾರೆ. ಒತ್ತಾಗಿ ಕತ್ತರಿಸಿದ ಹುಲ್ಲು ಕಣ್ಣಿಗೆ ಚಂದ. ಅದನ್ನು ಮೇಯ್ದು ಹಾಗೆ ಇಡಲು ಹಸುವಿಗಿಂತ ಒಳ್ಳೆಯ ಪ್ರಾಣಿ ಇಲ್ಲ. ಆದರೂ ಅಲ್ಲಿ ಹಸು ಬಿಡುವುದಿಲ್ಲ. ಯಾಕೆಂದರೆ ಹಸು ಅಂದರೆ ಉಪಯೋಗ, ಹಸು ಅಂದರೆ ಮಿತವ್ಯಯ. ಹಾಗಾಗಿ ಅದರ ಜಾಗಕ್ಕೆ ಜಿಂಕೆ ತರುತ್ತಾರೆ. ಜಿಂಕೆ ನೋಡಲು ಹೆಚ್ಚು ಚಂದ ಎಂದಲ್ಲ, ಅದರಿಂದ ಲಾಭವಿಲ್ಲ, ಖರ್ಚೇ ಜಾಸ್ತಿ, ಅದಕ್ಕೇ ಅದು ದೊಡ್ಡಸ್ತಿಕೆ. ಅದೇ ಅಧ್ಯಾಯದಲ್ಲಿ ಕೈಯಿಂದ ಮಾಡಿದ ಬೆಳ್ಳಿ ಚಮಚೆಯ ಮಾತೂ ಬರುತ್ತದೆ. ಅದಕ್ಕೆ ಹತ್ತರಿಂದ ಇಪ್ಪತ್ತು ಡಾಲರ್. ಯಂತ್ರದಲ್ಲಿ ಮಾಡಿದ ಅಲ್ಯೂಮಿನಿಯಂ ಚಮಚೆಗೆ ಹತ್ತರಿಂದ ಇಪ್ಪತ್ತು ಸೆಂಟ್. ತಿನ್ನಲು ಎರಡೂ ಒಂದೇ.

ಹಸುವಿನ ಉಪಯೋಗವೇ ಅದರ ಚಂದಕ್ಕೆ ಅಡ್ಡ ಬರುತ್ತದೆ ಎಂಬುದನ್ನು ಕಂಡುಹಿಡಿಯಲು ಹಸುವಿನ ಜೊತೆ ಬೆಳೆದಿರಬೇಕು. ಆ ಬೇಲಿಯ ಹತ್ತಿರ ನಿಂತಾಗ ನನಗೆ ಇದು ಗಟ್ಟಿಯಾಯಿತು. ಬಡಗಿ ಕೆಲಸವನ್ನೂ ಬಲ್ಲ ತಂದೆ, ಬಿಡುವಿಲ್ಲದ ತಾಯಿ, ಕೆಲಸ ಮಾಡದೆ ಕೂತವರಿಗೆ ಮರ್ಯಾದೆ ಕೊಡದ ನೆರೆಹೊರೆ. ಇವುಗಳ ನಡುವೆ ಬೆಳೆದವರಿಗೆ, ದುಡಿಯದೇ ಇರುವುದೇ ಗೌರವ ಎಂದುಕೊಂಡ ಲೋಕ ವಿಚಿತ್ರವಾಗಿ ಕಂಡಿರಲೇಬೇಕು.

1865ರಲ್ಲಿ ಮನೆಯವರೆಲ್ಲ ಮಿನ್ನೆಸೋಟದ ನರ್‌ಸ್ಟ್ರಾಂಡ್ ಹತ್ತಿರಕ್ಕೆ ಹೋದರು. ಅಲ್ಲಿ ತಂದೆ ಕಟ್ಟಿದ ಮನೆ ಈಗ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿದೆ. ವೆಬ್ಲೆನ್ ಅಲ್ಲಿಂದ ಕಾರ್ಲ್‌ಟನ್ ಕಾಲೇಜಿಗೆ ಹೋದರು. 1884ರಲ್ಲಿ ಯೇಲ್‌ನಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಏಳು ವರ್ಷ ಮೇಷ್ಟರ ಕೆಲಸ ಸಿಗಲಿಲ್ಲ. ಊರಿಗೆ ವಾಪಸ್ ಬಂದು ಓದುತ್ತಾ ಕಳೆದರು. ಆ ಓದು ಫಲ ಕೊಟ್ಟದ್ದು ಶಿಕಾಗೋ ವಿಶ್ವವಿದ್ಯಾಲಯ ಸೇರಿದ ಮೇಲೆ.

ಡೋರ್ ಕೌಂಟಿ ನೋಡಲು ಹೋಗುವವರು ಇದೇ ಐ-43 ಹಿಡಿಯುತ್ತಾರೆ. ದಾರಿ ತಿರುಗಿಸಿ ಬಂದರೆ ಒಂದು ಗಂಟೆ ಜಾಸ್ತಿ ಆದೀತು, ಅಷ್ಟೇ. ಹುಟ್ಟಿದ ಹೊಲದ ಕಡೆ ಇರುವುದೆಲ್ಲ ಜನರ ಸ್ವಂತ ಜಮೀನು, ರಸ್ತೆಯಿಂದಲೇ ನೋಡಬೇಕು. ಬರುವ ಮುಂಚೆ ‘ಲೀಷರ್ ಕ್ಲಾಸ್’ ಪುಸ್ತಕದ ಆರನೇ ಅಧ್ಯಾಯ ಓದಿಕೊಂಡು ಬನ್ನಿ. ಹಸು, ಚಮಚೆ ಎರಡೂ ಅದರಲ್ಲೇ ಇವೆ.