ಥ್ರಾಟಲ್ ಕೊನೆಗೂ ಬಿಟ್ಟ ಜಾಗದಲ್ಲೇ ನಿಂತ್ತು, ಥ್ಯಾಂಕ್ಸ್ ಟು ಅಮ್ಮನ ಹೊಲಿಗೆ ಮಷೀನ್

ನಿಂತ್ತು ಗುರು! ಕಂಪ್ಯೂಟರಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾರಿಸಕ್ಕೆ ಟೇಬಲ್ ಮೇಲಿಟ್ಕೊಂಡಿರೋ ಥ್ರಾಟಲ್, ಅಂದ್ರೆ ವಿಮಾನದ ಎಂಜಿನ್ ಪವರ್ ಏರಿಸಿ ಇಳಿಸೋ ಲಿವರಿನ ಕಥೆ ಇದು. 60 ಪರ್ಸೆಂಟಿಗೆ ತಳ್ಳಿ ಕೈ ಬಿಟ್ಟು, ಕೆಳಗೆ ಹೋಗಿ ಕಾಫಿ ಕುಡಿದು, ಗೇಟ್ ಹತ್ರ ಪಕ್ಕದ್ಮನೆಯವರ ಜೊತೆ ನಲ್ಲಿ ನೀರು ಬಂತಾ ಇಲ್ವಾ ಅಂತ ಪಂಚಾಯ್ತಿ ಮಾಡಿ ವಾಪಸ್ ಬಂದ್ರೂ ಲಿವರ್ 60ರಲ್ಲೇ ಕೂತಿದೆ. ಇಷ್ಟು ದಿನ ಇದೇ ಲಿವರ್ ನಾನು ಕುರ್ಚಿಯಿಂದ ಏಳೋದ್ರೊಳಗೆ ಐಡಲ್‌ಗೆ (ಪವರ್ ತೀರಾ ಕಮ್ಮಿ ಇರೋ ಕೆಳಗಿನ ತುದಿಗೆ) ಬಿದ್ದಿರ್ತಿತ್ತು.

ಡಬ್ಬ ಬಿಚ್ಚೋದು, ವೈರ್‌ಗಳ ಫೋಟೋ ತೆಗೆದಿಟ್ಕೊಳೋದು, ಪಾಟ್‌ಗೆ (ಲಿವರ್ ಎಲ್ಲಿದೆ ಅಂತ ಅಳೆಯೋ ಪೊಟೆನ್ಷಿಯೋಮೀಟರ್) ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯೋದು ಎಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಟ್ಬಿಡ್ತೀನಿ. ನನ್ನದು ಸೆಕೆಂಡ್ ಹ್ಯಾಂಡ್ ಕ್ವಾಡ್ರೆಂಟ್, ಅಂದ್ರೆ ಎರಡು ಲಿವರ್ ಇರೋ ಡಬ್ಬ, ಕಂಪನಿ ಹೆಸರು ಬೇಡ. ಒಳಗಿನ ಜೋಡಣೆ ಹಿಂಗಿದೆ: ಎಂ6 ಬೋಲ್ಟು, ಅದರ ತಲೆ ಫ್ರೇಮಲ್ಲಿ ಸಿಕ್ಕಿಸಿರೋದ್ರಿಂದ ಬೋಲ್ಟು ತಿರುಗಲ್ಲ. ಬೋಲ್ಟಿನ ಮೇಲೆ ಲಿವರ್, ಲಿವರಿನ ಎರಡೂ ಪಕ್ಕ ಫೆಲ್ಟ್ ಬಿಲ್ಲೆ, ಆಮೇಲೆ ಒಂದು ಪ್ಲೇನ್ ವಾಷರ್, ಹೊರಗಡೆ ಕೈಯಲ್ಲೇ ತಿರುಗಿಸೋ ಟೆನ್ಷನ್ ನಾಬ್, ನಾಬ್ ಹೊಟ್ಟೆಯೊಳಗೆ ನಟ್ಟು. ಅಷ್ಟೇ. ನೋಡಕ್ಕೆ ಸಿಂಪಲ್ಲು, ತಲೆ ತಿನ್ನೋದ್ರಲ್ಲಿ ಮಾತ್ರ ನಂಬರ್ ಒನ್ನು.

ಲೂಸ್ ಥ್ರಾಟಲ್ ಇದ್ರೆ ಏನೀಗ ಅಂತ ಏರ್‌ಬಸ್ ಹಾರಿಸೋರು ಕೇಳ್ಬೋದು. ನಿಮಗೇನ್ರಪ್ಪ, ಟೇಕಾಫ್ ಆದ್ಮೇಲೆ ಲಿವರ್ ಎಳೆದು ಕ್ಲೈಂಬ್ ಅನ್ನೋ ಕಚ್ಚಲ್ಲಿ ಕೂರಿಸಿದ್ರೆ ಪವರನ್ನ ತಾನೇ ಹೊಂದಿಸೋ ಆಟೋಥ್ರಸ್ಟ್ ನೋಡ್ಕೊಳತ್ತೆ, ಲ್ಯಾಂಡಿಂಗಲ್ಲಿ ರಿಟಾರ್ಡ್ (ಪವರ್ ಇಳಿಸು) ಅಂತ ಅದೇ ಕೂಗಿ ಕರೆಯೋವರೆಗೂ ಮುಟ್ಟೋ ಹಾಗಿಲ್ಲ. ಬೋಯಿಂಗ್ 737 ಅಲ್ಲಾದ್ರೆ ಮೋಟರ್ರೇ ಲಿವರ್‌ನ ಹಿಂದೆ ಮುಂದೆ ಓಡಾಡಿಸತ್ತೆ. ನಾನು ಹಾರಿಸೋದು ಎಟಿಆರ್ 72, ಎರಡು ಪ್ರೊಪೆಲರಿನ ಚಿಕ್ಕ ಪ್ರಯಾಣಿಕರ ವಿಮಾನ. ಅದಕ್ಕೆ ಆಟೋಥ್ರಾಟಲ್ ಅನ್ನೋದೇ ಇಲ್ಲ, ಅಪ್ರೋಚಲ್ಲಿ (ರನ್‌ವೇ ಕಡೆ ಇಳಿಯುವಾಗ) ಪವರ್ ಪೂರ್ತಿ ನಮ್ಮ ಕೈಯಲ್ಲಿ. ಊರಿನ ಮೇಲಿನ ಅಭಿಮಾನಕ್ಕೆ ನಾನು ದಿನಾ ಇಳಿಸೋದು ನಮ್ಮ ಮೈಸೂರು ಏರ್‌ಪೋರ್ಟ್ ಮಂಡಕಳ್ಳಿಗೇ, ರನ್‌ವೇ 27, ಬಲಗಡೆ ಚಾಮುಂಡಿ ಬೆಟ್ಟ ಕಾಣ್ತಿರತ್ತೆ, ಮುಂದೆ ಇರೋದು ಬರೀ 1740 ಮೀಟರ್. ಅಂಥ ಜಾಗದಲ್ಲಿ ಫ್ಲ್ಯಾಪ್ಸ್ ಹಾಕಕ್ಕೆ ಅಂತ ಎರಡು ಸೆಕೆಂಡ್ ಕೈ ತೆಗೆದ್ರೆ ಲಿವರ್ ಮೆಲ್ಲಗೆ ಜಾರಿ, ನಾನು ಹೊರಗಡೆ ನೋಡ್ತಿರುವಾಗ ಸ್ಪೀಡ್ ಸುಮ್ನೆ ಸೋರಿಹೋಗತ್ತೆ. ಸ್ಪೀಡ್ ತೀರಾ ಕಮ್ಮಿಯಾದಾಗ ಎಚ್ಚರಿಸೋ ಸ್ಟಿಕ್ ಶೇಕರ್ ಸದ್ದು ನಮ್ಮನೇಲಿ ಕುಕ್ಕರ್ ವಿಷಲ್‌ಗಿಂತ ಜಾಸ್ತಿ ಕೇಳಿಸ್ತಿತ್ತು.

ಈಗ ಗ್ರೀಸ್ ವಿಷಯಕ್ಕೆ ಬರೋಣ. ಯಾರನ್ನ ಕೇಳಿದ್ರೂ ಒಂದೇ ಉತ್ತರ, ಡ್ಯಾಂಪಿಂಗ್ ಗ್ರೀಸ್ ಹಾಕು, ದಪ್ಪದ್ದು ಹಾಕು, ಬೆಣ್ಣೆ ಥರ ಓಡತ್ತೆ. ಬೆಣ್ಣೆ ಥರ ಓಡತ್ತೆ ಸ್ವಾಮಿ, ಅದೇ ಪ್ರಾಬ್ಲಂ. ಗ್ರೀಸ್ ಕೊಡೋ ತಡೆ ವೇಗದ ಮೇಲೆ ನಿಂತಿದೆ. ಜೋರಾಗಿ ತಳ್ಳಿದ್ರೆ ಜೋರಾಗಿ ತಡೆಯತ್ತೆ, ನಿಧಾನಕ್ಕೆ ತಳ್ಳಿದ್ರೆ ಹೆಚ್ಚುಕಮ್ಮಿ ತಡೆಯೋದೇ ಇಲ್ಲ. ಗುರುತ್ವಾಕರ್ಷಣೆಗೆ ಅರ್ಜೆಂಟ್ ಎಲ್ಲಿದೆ, ಅದು ನಿಧಾನಕ್ಕೇ ಎಳೆಯತ್ತೆ. ಹಂಗಾಗಿ ಧಬ್ ಅಂತ ಬೀಳ್ತಿದ್ದ ಲಿವರ್ ಗ್ರೀಸ್ ಹಾಕಿದ್ಮೇಲೆ ರಾಜಗಾಂಭೀರ್ಯದಿಂದ ಬಿತ್ತು, ವ್ಯತ್ಯಾಸ ಅಷ್ಟೇ. ಲಿವರ್ ನಿಲ್ಲಬೇಕು ಅಂದ್ರೆ ಬೇಕಾಗಿರೋದು ಒಣ ಉಜ್ಜಾಟ, ಒಂದಕ್ಕೊಂದು ಒತ್ತಿ ಹಿಡ್ಕೊಳೋ ಮೇಲ್ಮೈಗಳು.

ಎಷ್ಟು ಬೇಕು ಅಂತ ಲೆಕ್ಕಾನೂ ಹಾಕಿದೆ. ನನ್ನ ಲಿವರಿನ ಹಿಡಿ 150 ಗ್ರಾಂ ತೂಗತ್ತೆ (ನಾನೇ ಒಳಗೆ ಸೀಸ ತುಂಬಿರೋದು, ಕೈಗೆ ಭಾರ ಸಿಗ್ಲಿ ಅಂತ), ನೇರಕ್ಕಿಂತ ಹೆಚ್ಚಂದ್ರೆ 40 ಡಿಗ್ರಿ ಬಾಗತ್ತೆ. ಆ ಕೋನದಲ್ಲಿ ಅದನ್ನ ಕೆಳಕ್ಕೆ ಎಳೆಯೋ ಪಾಲು 96 ಗ್ರಾಂ ಹತ್ರ ಬರತ್ತೆ. ಅಂದ್ರೆ ಹಿಡಿಯ ಹತ್ರ 100 ಗ್ರಾಂಗಿಂತ ಜಾಸ್ತಿ ತಡೆ ಇದ್ರೆ ಸಾಕು, ಟೇಬಲ್ ಅಲ್ಲಾಡೋದಕ್ಕೆಲ್ಲ ಸೇರಿಸಿ 250 ಇಟ್ಕೊಳೋಣ. ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದ್ರೆ ಅಳತೆ ಸಿಗತ್ತೆ.

ಫೆಲ್ಟ್ ಮೇಲೆ ನಾಬ್ ಬಿಗಿ ಮಾಡಿ ಅಳೆದಾಗ ಇನ್ನೊಂದು ತರಲೆ ಗೊತ್ತಾಯ್ತು. ಅಲ್ಲಾಡಕ್ಕೆ ಶುರು ಆಗ್ಬೇಕಾದ್ರೆ 400 ಗ್ರಾಂ ಕೇಳತ್ತೆ, ಹೊರಟ ಮೇಲೆ 220 ಸಾಕು ಅನ್ನತ್ತೆ. ಕೈಗೆ ಅದು ಹೆಂಗೆ ಸಿಗತ್ತೆ ಅಂದ್ರೆ, ಎರಡು ಪರ್ಸೆಂಟ್ ಪವರ್ ಸೇರಿಸೋಣ ಅಂತ ಮೆಲ್ಲಗೆ ಒತ್ತುತ್ತೀರಿ, ಬರಲ್ಲ, ಇನ್ನೂ ಸ್ವಲ್ಪ ಒತ್ತುತ್ತೀರಿ, ಬರಲ್ಲ, ಆಮೇಲೆ ಟಕ್ ಅಂತ ಐದು ಪರ್ಸೆಂಟ್ ಜಂಪು. ಲಿವರ್ ಎಲ್ಲಿದೆ ಅಂತ ಕಂಪ್ಯೂಟರಿಗೆ ಹೋಗೋ 0ಯಿಂದ 1023ರವರೆಗಿನ ರೀಡಿಂಗಲ್ಲಿ ಒಂದೇ ಏಟಿಗೆ 50 ಹತ್ರ ಹಾರ್ತಿತ್ತು. ಇದಕ್ಕೆ ಮದ್ದು ಟೆಫ್ಲಾನ್. ಅದರ ಗುಣ ಬರೀ ಜಾರೋದಲ್ಲ, ನಿಂತಾಗಿನ ಉಜ್ಜಾಟಕ್ಕೂ ಓಡುವಾಗಿನ ಉಜ್ಜಾಟಕ್ಕೂ ಹೆಚ್ಚು ವ್ಯತ್ಯಾಸ ಇರಲ್ಲ ಅನ್ನೋದು ಇಲ್ಲಿ ಮುಖ್ಯ. ಜಾರೋ ವಸ್ತು ಹಾಕಿ ಜೋರಾಗಿ ಒತ್ತಬೇಕು, ಒರಟು ವಸ್ತು ಹಾಕಿ ಮೆಲ್ಲಗೆ ಒತ್ತೋದಲ್ಲ. ನಲ್ಲಿಗೆ ಸುತ್ತೋ ಟೇಪ್ ಆಗಲ್ಲ, ಹರಿದು ನಾರು ನಾರಾಗತ್ತೆ. 1 ಮಿಲಿಮೀಟರ್ ಶೀಟೇ ಬೇಕು, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗ್ಯಾಸ್ಕೆಟ್ ಕತ್ತರಿಸೋರ ಹತ್ರ ಚೂರು ಪಾರು ಸಿಕ್ತು, ದುಡ್ಡೂ ತಗೊಳ್ಲಿಲ್ಲ ಪುಣ್ಯಾತ್ಮರು, ತಗೊಂಡ್ಹೋಗಿ ಸಾರ್ ಗುಡಿಸಿ ಬಿಸಾಕೋದೇ ಅಂದ್ರು.

ಟೆಫ್ಲಾನ್ ಹಾಕಿ ಬಿಗಿ ಮಾಡಿದೆ. ಆಹಾ! ಸಂಜೆವರೆಗೂ ಆಹಾ. ಸಂಜೆ ಆಗ್ತಿದ್ದಂಗೆ ಮತ್ತೆ ಲೂಸು.

ಇಲ್ಲೇ ನೋಡಿ ಅಸಲಿ ಕಾಯಿಲೆ ಸಿಕ್ಕಿದ್ದು. ಸಿಟ್ಟಿಗೆ ನಾಬ್ ಮೇಲೂ ಡಬ್ಬದ ಮೇಲೂ ಸೇರಿಸಿ ಪರ್ಮನೆಂಟ್ ಮಾರ್ಕರಲ್ಲಿ ಒಂದು ನೇರ ಗೆರೆ ಎಳೆದು, ಲಿವರ್‌ನ ಹಿಂದೆ ಮುಂದೆ ಆಡಿಸ್ತಾ ಗೆರೆನೇ ನೋಡ್ತಾ ಕೂತೆ. ಮುಂದೆ ತಳ್ಳಿದಾಗ ನಾಬ್ ಒಂಚೂರು ಜೊತೇಲೇ ಹೋಯ್ತು. ಹಿಂದೆ ಎಳೆದಾಗ ವಾಪಸ್ ಬಂತು, ಆದ್ರೆ ಪೂರ್ತಿ ಬರ್ಲಿಲ್ಲ. ಆಡಿಸ್ತಾ ಆಡಿಸ್ತಾ ಎರಡು ಗೆರೆ ಮಧ್ಯೆ ಅಂತರ ಬೆಳೀತಾ ಹೋಯ್ತು, ಅದೂ ಬಿಚ್ಚೋ ದಿಕ್ಕಿಗೇ. ಕಾರಣ ನೇರ ಇದೆ: ಲಿವರ್ ವಾಷರ್‌ನ ಉಜ್ಜತ್ತೆ, ವಾಷರ್ ನಟ್ಟನ್ನ ಉಜ್ಜತ್ತೆ, ನಟ್ಟು ತಿರುಗತ್ತೆ, ಮತ್ತೆ ಯಾವ ನಟ್ಟಿಗಾದ್ರೂ ಬಿಗಿಯಾಗೋದಕ್ಕಿಂತ ಬಿಚ್ಕೊಳೋದು ಸಲೀಸು. ಎಂ6 ಪಿಚ್ 1 ಮಿಲಿಮೀಟರ್, ಹತ್ತು ಡಿಗ್ರಿ ತಿರುಗಿದ್ರೆ 0.03 ಮಿಲಿಮೀಟರ್ ಕೂಡ ಸಡಿಲ ಆಗಲ್ಲ, ಆದ್ರೆ ಸ್ಪ್ರಿಂಗ್ ಅನ್ನೋದೇ ಇಲ್ಲದ ಗಟ್ಟಿ ಬಿಲ್ಲೆಗಳ ಜೋಡಣೇಲಿ ಒತ್ತಡ ಪೂರ್ತಿ ಮಾಯ ಆಗಕ್ಕೆ ಅಷ್ಟು ಸಾಕು. ಇದನ್ನ ಡಿಸೈನ್ ಮಾಡಿದ ಮಹಾನುಭಾವ ಲಿವರ್‌ನೇ ಪಾನಾ ಮಾಡಿಟ್ಟಿದ್ದಾನೆ. ಬಳಸಿದಷ್ಟೂ ಬಿಚ್ಕೊಳತ್ತೆ.

ಥ್ರೆಡ್ ಲಾಕರ್ (ನಟ್ಟು ಬಿಚ್ಕೊಳದ ಹಾಗೆ ಹಾಕೋ ಅಂಟು) ಹಾಕಿ ಅಂತೀರಾ? ಹಾಕಿದ್ರೆ ನಾಬ್ ಇರೋದು ದಂಡ, ಜೊತೆಗೆ ಆ ದ್ರವ ಎಬಿಎಸ್ ಪ್ಲಾಸ್ಟಿಕ್ಕಿಗೆ ತಾಗಿದ್ರೆ ಬಿರುಕು ಬಿಡತ್ತೆ. ಒಳಗೆ ನೈಲಾನ್ ಬಳೆ ಇರೋ ನೈಲಾಕ್ ನಟ್ಟು ನಿಲ್ಲತ್ತೆ ನಿಜ, ಆದ್ರೆ ಪುಟ್ಟ ಸೆಸ್ನಾ ವಿಮಾನ ಹಾರಿಸುವಾಗ ನನಗೆ ಹಗುರ ಬೇಕು ಎಟಿಆರ್‌ಗೆ ಬಿಗಿ ಬೇಕು, ಪ್ರತಿ ಸಲ ಸ್ಪ್ಯಾನರ್ ಹಿಡ್ಕೊಂಡು ಕೂರಕ್ಕಾಗಲ್ಲ, ತಿರುಗಿಸಿ ತಿರುಗಿಸಿ ನೈಲಾನೂ ಸವೆಯತ್ತೆ.

ಉತ್ತರ ಪಕ್ಕದ ರೂಮಲ್ಲೇ ಇತ್ತು. ಅಮ್ಮನ ಹೊಲಿಗೆ ಮಷೀನ್ ದಾರ ಗಂಟು ಹಾಕ್ತಿದೆ ಅಂತ ಟೆನ್ಷನ್ ಭಾಗ ಬಿಚ್ಚಿದ್ದೆ. ಅದರ ರಚನೆ ನೋಡಿದೀರಾ? ಎರಡು ಬಿಲ್ಲೆ ಮಧ್ಯೆ ದಾರ ಉಜ್ಕೊಂಡು ಓಡತ್ತೆ, ಬಿಲ್ಲೆ ಮೇಲೆ ಒಂದು ವಾಷರ್, ಅದರ ಮೇಲೆ ಸ್ಪ್ರಿಂಗು, ಅದರ ಮೇಲೆ ಕೈಯಲ್ಲಿ ತಿರುಗಿಸೋ ನಟ್ಟು. ನನ್ನ ಥ್ರಾಟಲ್ ಇದೇ ಅಲ್ವಾ! ಆದ್ರೆ ಇಲ್ಲಿ ಕಂಬಿ ನಡುವೆ ಉದ್ದಕ್ಕೆ ಸೀಳಿದೆ, ವಾಷರಿನ ತೂತಿಗೆ ಅಡ್ಡ ಒಂದು ಪಟ್ಟಿ ಇದೆ, ಪಟ್ಟಿ ಆ ಸೀಳಲ್ಲಿ ಕೂರತ್ತೆ. ವಾಷರ್ ಮೇಲೆ ಕೆಳಗೆ ಹೋಗ್ಬೋದು, ಸುತ್ತು ತಿರುಗಕ್ಕೆ ಮಾತ್ರ ಆಗಲ್ಲ. ಬಿಲ್ಲೆ ಎಷ್ಟೇ ಉಜ್ಜಿದ್ರೂ ತಿರುಗಾಟ ವಾಷರ್ ಹತ್ರನೇ ಸಾಯತ್ತೆ, ನಟ್ಟಿನ ತನಕ ಹೋಗೋದೇ ಇಲ್ಲ. ಅದನ್ನ ಕೈಯಲ್ಲಿ ಹಿಡ್ಕೊಂಡು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡ್ತಿದ್ದೆ, ಅಮ್ಮ ಬಂದು "ಅದೇನೋ ಚಿನ್ನದುಂಗುರ ನೋಡ್ದಂಗೆ ನೋಡ್ತಿದೀಯ, ಬ್ಲೌಸ್ ಕೊಡ್ಬೇಕು ನಾಳೆ, ಬೇಗ ಸೇರ್ಸು" ಅಂದ್ರು.

ಎಂ6 ಬೋಲ್ಟ್ ಸೀಳೋ ಸಾಮರ್ಥ್ಯ ನನ್ನ ಹತ್ರ ಇಲ್ಲ. ಬದಲಿಗೆ ಬೋಲ್ಟಿನ ಒಂದು ಪಕ್ಕ ಉದ್ದಕ್ಕೆ ಅರ ಹಾಕಿ ಚಪ್ಪಟೆ ಮಾಡಿದೆ, ಪಾಟ್ ಶಾಫ್ಟ್ ಇರತ್ತಲ್ಲ ಡಿ ಆಕಾರ, ಆ ಥರ. ನಾಬಿನ ನಟ್ಟು ಉಳಿದ ಥ್ರೆಡ್ ಮೇಲೆ ಆರಾಮಾಗಿ ಓಡತ್ತೆ. ವಾಷರ್ ಅಂಗಡಿಲಿ ಡಿ ತೂತಿಂದು ಸಿಗಲ್ಲ, ಚಿಕ್ಕ ತೂತಿಂದು ತಂದು ಸೂಜಿ ಅರದಲ್ಲಿ ತೂತನ್ನೇ ಡಿ ಮಾಡ್ಬೇಕು. ಒಂದೊಂದೇ ಸಲ ಉಜ್ಜಿ, ಬೋಲ್ಟಿಗೆ ಹಾಕಿ ನೋಡಿ, ಮತ್ತೆ ಉಜ್ಜಿ. ಆತುರಪಟ್ಟು ತೂತು ದೊಡ್ಡದಾದ್ರೆ ಅದೇ ಸಂದಿನಷ್ಟು ನಾಬ್ ಮತ್ತೆ ಆಡಕ್ಕೆ ಶುರು ಮಾಡತ್ತೆ.

ಇನ್ನು ಸ್ಪ್ರಿಂಗು. ಹೊಲಿಗೆ ಮಷೀನಿಂದು ದಾರಕ್ಕೆ ಸಾಕು, ಲಿವರ್‌ಗೆ ಸಾಲಲ್ಲ. ಬೇಕಾಗಿದ್ದು ನಡುವೆ ಉಬ್ಬಿರೋ ಡಿಸ್ಕ್ ಸ್ಪ್ರಿಂಗ್. ಮೈಸೂರಲ್ಲಿ ಬೋಲ್ಟು ನಟ್ಟು ಮಾರೋರ ಹತ್ರ ಇದನ್ನ ಕೇಳಿ ನೋಡಿ, ತಮಾಷೆ ಶುರು.

"ಸ್ಪ್ರಿಂಗ್ ವಾಷರ್ರಾ? ತಗೊಳಿ ಸಾರ್."

"ಇದಲ್ಲ ಯಜಮಾನ್ರೇ, ಇದು ಸೀಳಿರೋದು. ನನಗೆ ಉಬ್ಬಿರೋದು ಬೇಕು."

"ಬಿಗಿ ಮಾಡಿದ್ರೆ ಎಲ್ಲಾ ಚಪ್ಪಟೆನೇ ಆಗೋದು ಸಾರ್, ಉಬ್ಬಿದ್ರೇನು ಸೀಳಿದ್ರೇನು."

ತತ್ವಜ್ಞಾನ ಚೆನ್ನಾಗಿದೆ, ಕೆಲಸಕ್ಕೆ ಬರಲ್ಲ. ಸೀಳಿರೋ ವಾಷರ್ ಒಮ್ಮೆ ಚಪ್ಪಟೆಯಾದ್ರೆ ಮುಗೀತು, ಅದೊಂದು ಮಾಮೂಲಿ ವಾಷರ್. ಟೆಫ್ಲಾನ್ ಒತ್ತಡದಲ್ಲಿ ದಿನ ಕಳೆದಂಗೆ ತೆಳ್ಳಗಾಗತ್ತೆ, ಆ ಸಡಿಲಾನ ನುಂಗಕ್ಕೆ ಓಟ ಇರೋ, ಅಂದ್ರೆ ಕುಗ್ಗಿ ಹಿಗ್ಗಕ್ಕೆ ಜಾಗ ಇರೋ ಸ್ಪ್ರಿಂಗೇ ಬೇಕು. ಕೊನೆಗೆ ಆನ್‌ಲೈನಲ್ಲಿ ತರಿಸಿ ಎರಡನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದೆ, ಹಂಗೆ ಕೂರಿಸಿದ್ರೆ ಬಲ ಒಂದರಷ್ಟೇ ಇದ್ದು ಓಟ ಎರಡರಷ್ಟಾಗತ್ತೆ, ನಾಬ್ ತಿರುಗಿಸಿದಾಗ ಹದ ಸಿಗೋದೂ ಸುಲಭ.

ಆನ್‌ಲೈನ್ ಅಂದಾಗ ನೆನಪಾಯ್ತು. ಹೆಂಗೂ ಬಿಚ್ಚಿದೀನಿ ಪಾಟ್ ಕಿತ್ತು ಹಾಲ್ ಸೆನ್ಸರ್ (ಅಯಸ್ಕಾಂತ ಗುರುತಿಸೋ ಚಿಪ್) ಹಾಕೋಣ ಅಂತ 49ಇ ಅನ್ನೋ ನಂಬರಿಂದು ಆರ್ಡರ್ ಮಾಡಿದ್ರೆ ಒಬ್ಬ ಸೆಲ್ಲರ್ ಕಳಿಸಿದ್ದು 3144. ಎರಡಕ್ಕೂ ಮೂರೇ ಕಾಲು, ಅದೇ ಕರೀ ಮೈ, ಮೇಲಿನ ಅಕ್ಷರ ಓದಕ್ಕೆ ಭೂತಗನ್ನಡಿ ಬೇಕು. ಆದ್ರೆ 49ಇ ಅಯಸ್ಕಾಂತ ಹತ್ರ ಬಂದಷ್ಟೂ ವೋಲ್ಟೇಜ್ ಬದಲಾಯಿಸೋ ಲೀನಿಯರ್, 3144 ಬರೀ ಆನ್ ಆಫ್ ಸ್ವಿಚ್ಚು. ಅದನ್ನ ಹಾಕಿದ್ರೆ ಎಟಿಆರ್‌ಗೆ ಎರಡೇ ಪವರ್ ಸೆಟ್ಟಿಂಗ್, ಐಡಲ್ ಮತ್ತು ದೇವರೇ ಗತಿ. ಬಂದ ತಕ್ಷಣ 5 ವೋಲ್ಟ್ ಕೊಟ್ಟು ಅಯಸ್ಕಾಂತ ದೂರ ಇಟ್ಟು ಅಳೀರಿ, ಲೀನಿಯರ್ ಆದ್ರೆ ಔಟ್‌ಪುಟ್ 2.5 ಹತ್ರ ಕೂತಿರತ್ತೆ. ರಿಟರ್ನ್ ಹಾಕಿದ್ರೆ "ಪ್ರಾಡಕ್ಟ್ ಸರಿ ಇದೆ" ಅಂತ ಉತ್ತರ ಬಂತು. ಪ್ರಾಡಕ್ಟ್ ಸರಿ ಇದೆ ಮಾರಾಯಾ, ಬೇರೆ ಪ್ರಾಡಕ್ಟ್ ಅದು. ಸದ್ಯಕ್ಕೆ ಹಳೇ ಪಾಟೇ ಇದೆ, ಕ್ಲೀನ್ ಮಾಡಿದ್ಮೇಲೆ ಜಿಟರ್ (ರೀಡಿಂಗ್ ಸುಮ್ನೆ ನಡುಗೋದು) ಕಮ್ಮಿಯಾಗಿದೆ, ನಡೀಲಿ.

ಈಗಿನ ಜೋಡಣೆ ಫ್ರೇಮಿಂದ ಹೊರಕ್ಕೆ ಹೇಳ್ತೀನಿ: ಟೆಫ್ಲಾನ್, ಲಿವರ್, ಟೆಫ್ಲಾನ್, ಡಿ ವಾಷರ್, ಎರಡು ಡಿಸ್ಕ್ ಸ್ಪ್ರಿಂಗ್, ನಾಬ್. ಟೆಫ್ಲಾನ್‌ಗೆ ಗ್ರೀಸ್ ಒಂದು ತೊಟ್ಟೂ ಬೇಡ. ತಕ್ಕಡೀಲಿ ಅಳೆದ್ರೆ ಹೊರಡಕ್ಕೆ 250, ಓಡಕ್ಕೆ 230. ರೀಡಿಂಗಲ್ಲಿ ನಾಲ್ಕೈದು ಅಂಕಿ ಸರಿಸ್ಬೇಕು ಅಂದ್ರೆ ನಾಲ್ಕೈದೇ ಸರಿಯತ್ತೆ. ಮಾರ್ಕರ್ ಗೆರೆ ಎಷ್ಟು ಆಡಿಸಿದ್ರೂ ಕೂಡ್ಕೊಂಡೇ ಇದೆ. ಮಂಡಕಳ್ಳಿ ಅಪ್ರೋಚಲ್ಲಿ ಮೊನ್ನೆ ಫ್ಲ್ಯಾಪ್ಸ್ ಹಾಕಿ, ಗೇರ್ ಇಳಿಸಿ, ಮೂಗು ಕೆರ್ಕೊಂಡು, ಆಮೇಲೆ ಲಿವರ್ ಹಿಡ್ಕೊಂಡೆ, ಸ್ಪೀಡ್ ಅಲ್ಲೇ ಇತ್ತು.

ಅಂದ್ಹಾಗೆ ಮಷೀನ್ ರಿಪೇರಿಯವರ ಅಂಗಡಿ ಮೂಲೇಲಿ ತುಕ್ಕು ಹಿಡಿದ ಹಳೇ ಹೊಲಿಗೆ ಮಷೀನಿನ ಕೈ ಚಕ್ರ ಒಂದು ಬಿದ್ದಿತ್ತು. ಎರಕದ್ದು, ಒಳ್ಳೇ ಭಾರ, ಒಂದ್ಸಲ ತಿರುಗಿಸಿಬಿಟ್ರೆ ತಾನೇ ತಿರುಗ್ತಾ ಇರತ್ತೆ. ನನ್ನ ಕಣ್ಣಿಗೆ ಅದು 737ರ ಟ್ರಿಮ್ ವೀಲ್ (ಮೂಗಿನ ಏರಿಳಿತ ಹೊಂದಿಸೋ ಚಕ್ರ) ಥರಾನೇ ಕಾಣ್ತು. ಕಪ್ಪು ಬಣ್ಣ ಬಳಿದು ಬಿಳೀ ಪಟ್ಟಿ ಎಳೆದು, ಹಿಂದಕ್ಕೆ ತಿರುಗಾಟ ಅಳೆಯೋ ಒಂದು ಆಪ್ಟಿಕಲ್ ಎನ್‌ಕೋಡರ್ ಕಟ್ಟಿ, ಡ್ರಾಯರಲ್ಲಿ ಸುಮ್ನೆ ಬಿದ್ದಿರೋ ಪ್ರೊ ಮೈಕ್ರೊ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡಿಗೆ ಸೇರಿಸಿದ್ರೆ ಆಯ್ತು, ಅದು ನೇರ ಯುಎಸ್‌ಬಿ ಜಾಯ್‌ಸ್ಟಿಕ್ ಆಗಿ ಕಾಣಿಸ್ಕೊಳತ್ತೆ. ಎಟಿಆರ್ ಹಾರಿಸೋನಿಗೆ 737 ಟ್ರಿಮ್ ವೀಲ್ ಯಾಕೆ ಅಂತ ಕೇಳ್ಬೇಡಿ. ಚಕ್ರಕ್ಕೆ ರೇಟು ಕೇಳಿದೆ, ಅವರು ನನ್ನ ಮುಖ ನೋಡೇ ಡಬಲ್ ಹೇಳಿದ್ರು, ಇನ್ನೂ ಚೌಕಾಸಿ ನಡೀತಿದೆ.

ಅದಕ್ಕೂ ಮುಂಚೆ ಎಡಗಡೆ ಲಿವರ್ ಬಾಕಿ ಇದೆ. ಅದರ ಡಿ ವಾಷರ್ ಅರ್ಧಕ್ಕೆ ನಿಂತಿದೆ, ಸೂಜಿ ಅರ ಮೊಂಡಾಯ್ತು.